ಅಮೆರಿಕಕ್ಕೆ ಹೋದ ಎಂಜಿಬಿ: ರಫ್ತಿನ ಮೂಲ ರೂಪವೋ, ಇಂಗ್ಲೆಂಡಿನ ರೂಪವೋ, ಸುಮ್ನೆ ಓಡಿಸುವ ಕಾರೋ?

ಅಮೆರಿಕದ ಹಳೆ ಗ್ಯಾರೇಜುಗಳಲ್ಲಿ, ಮನೆಗಳ ಹಿತ್ತಲಲ್ಲಿ ಟಾರ್ಪಾಲಿನ್ ಹೊದ್ದು ವರ್ಷಗಟ್ಟಲೆ ನಿಂತ ಎಂಜಿಬಿ ಅನ್ನುವ, ಇಂಗ್ಲೆಂಡಿನ ಎಂಜಿ ಕಂಪನಿಯ ಪುಟ್ಟ ಸ್ಪೋರ್ಟ್ಸ್ ಕಾರುಗಳು ಇನ್ನೂ ಸಿಗುತ್ತವೆ. ಅದಕ್ಕೆ ಕಾರಣ ಇದೆ. 1962ರಿಂದ 1980ರ ತನಕ ಇಂಗ್ಲೆಂಡಿನ ಆ್ಯಬಿಂಗ್ಡನ್ ಕಾರ್ಖಾನೆಯಿಂದ 5 ಲಕ್ಷಕ್ಕೂ ಜಾಸ್ತಿ ಎಂಜಿಬಿಗಳು ಹೊರಬಂದವು. ಅದರಲ್ಲಿ ದೊಡ್ಡ ಪಾಲು ಹಡಗು ಹತ್ತಿ ಉತ್ತರ ಅಮೆರಿಕಕ್ಕೇ ಹೋಯಿತು. ಅಲ್ಲಿರುವ ಕನ್ನಡಿಗರೊಬ್ಬರಿಗೆ ಹಳೆ ಕಾರಿನ ಹುಚ್ಚು ಹಿಡಿದರೆ ಕೈಗೆಟುಕುವ ಬೆಲೆಗೆ ಸಿಗುವ ಮೊದಲ ಕಾರುಗಳಲ್ಲಿ ಇದೂ ಒಂದು.

ಕಾರು ಮನೆಗೆ ಬಂದ ಕೂಡಲೇ ಎಲ್ಲರ ಗಮನ ಎಂಜಿನ್ ಕಡೆ ಹೋಗುತ್ತದೆ. ಸ್ಟಾರ್ಟ್ ಆಗುತ್ತಾ, ಇಲ್ವಾ? ಆದರೆ ಸ್ಪ್ಯಾನರ್ ಎತ್ತುವ ಮೊದಲೇ ಒಂದು ತೀರ್ಮಾನ ಆಗಬೇಕು. ಈ ಕಾರನ್ನು ಯಾವ ರೂಪಕ್ಕೆ ತರುವುದು? ಮುಂದೆ ಮೂರು ದಾರಿಗಳಿವೆ. ಆ್ಯಬಿಂಗ್ಡನ್‌ನಿಂದ ಅಮೆರಿಕಕ್ಕೆ ಹೊರಟ ದಿನ ಹೇಗಿತ್ತೋ ಹಾಗೇ ಮಾಡುವುದು ಒಂದು. ಅಮೆರಿಕದ ಕಾನೂನಿಗಾಗಿ ಸೇರಿಸಿದ್ದನ್ನೆಲ್ಲ ಕಿತ್ತು, ಇಂಗ್ಲೆಂಡಿನಲ್ಲಿ ಮಾರಿದ ಕಾರಿನಂತೆ ಮಾಡುವುದು ಇನ್ನೊಂದು. ತುಕ್ಕು, ಬ್ರೇಕು, ವೈರಿಂಗ್ ಸರಿಮಾಡಿಕೊಂಡು, ಉಳಿದದ್ದನ್ನು ಇದ್ದಂತೆ ಬಿಟ್ಟು ಓಡಿಸುವುದು ಮೂರನೆಯದು.

ನನ್ನ ಮನಸ್ಸು ಯಾವ ಕಡೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರಿನ ಭಾಗಗಳು ಬಹುಪಾಲು ಅದರ ಮೇಲೇ ಉಳಿದಿದ್ದರೆ ರಫ್ತಿನ ಮೂಲ ರೂಪವೇ ಸರಿ. ಅದರಲ್ಲೂ 1968ರಿಂದ 1974ರ ತನಕದ ಕಾರುಗಳಿಗೆ. ಹಲವು ದಶಕ ಜನ ಅವುಗಳ ಅಮೆರಿಕದ ಭಾಗಗಳನ್ನು ಬೇಡದ್ದು ಅಂತ ಬಿಸಾಡಿದರು. ಹಾಗಾಗಿ ಪೂರ್ತಿ ಉಳಿದ ಕಾರು ಈಗ ಅಪರೂಪ. ಅರ್ಧಂಬರ್ಧ ಕಾರಾದರೆ ಲೆಕ್ಕವೇ ಬೇರೆ.

ಮೊದಲು ಕಾರಿನ ಜಾತಕ ನೋಡಿ

ಯಾವ ದಾರಿ ಅನ್ನುವ ಮೊದಲು ಕಾರು ಏನಾಗಿ ಹುಟ್ಟಿತು ಅಂತ ಗೊತ್ತಿರಬೇಕು. ಅದನ್ನು ಕಾರ್ಖಾನೆಯಲ್ಲಿ ಕಾರಿಗೆ ಕೊಟ್ಟ ನಂಬರೇ ಹೇಳುತ್ತದೆ. 'ಜಿಎಚ್‌ಎನ್3ಎಲ್' ಅಂತ ಶುರುವಾದರೆ ಅದು ಮೊದಲ ಸರಣಿಯ, ಎಡಗಡೆ ಸ್ಟೇರಿಂಗ್ ಇರುವ ರೋಡ್‌ಸ್ಟರ್, ಅಂದರೆ ತೆರೆದ ಮೈಯ ಕಾರು. 'ಎನ್' ಜಾಗದಲ್ಲಿ 'ಡಿ' ಇದ್ದರೆ ಮುಚ್ಚಿದ ಮೈಯ ಜಿಟಿ. 3 ಹೋಗಿ 4 ಬಂದರೆ 1967ರ ಕೊನೆಯಲ್ಲಿ ಬಂದ ಮಾರ್ಕ್ 2. 1970ರ ಮಾಡೆಲ್‌ನಿಂದ ಸಂಖ್ಯೆ 5 ಆಯಿತು. ಅದರ ಮುಂದೆ ಅಮೆರಿಕದ ಕಾರಿಗೆ 'ಯು', ಆಮೇಲೆ ಮಾಡೆಲ್ ವರ್ಷದ ಅಕ್ಷರ. 'ಎ' ಅಂದರೆ 1970, 'ಬಿ' 1971, 'ಸಿ' 1972. ಹೀಗೇ ಮುಂದೆ. 'ಜಿಎಚ್‌ಎನ್5ಯುಸಿ' ಕಂಡರೆ ಅಮೆರಿಕಕ್ಕಾಗಿ ಮಾಡಿದ 1972ರ ಮಾಡೆಲ್ ರೋಡ್‌ಸ್ಟರ್ ಅಂತ ಓದಿಕೊಳ್ಳಿ.

ಕಾರಿನ ಕಾಗದದಲ್ಲಿರುವ ವರ್ಷವನ್ನು ಪೂರ್ತಿ ನಂಬಬೇಡಿ. ಶೋರೂಮಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರಿಗೆ ಮಾರಾಟವಾದ ವರ್ಷವನ್ನೇ ಬರೆದಿರುವುದುಂಟು. ಎಂಜಿಬಿಯ ವಿಷಯದಲ್ಲಿ ಒಂದು ವರ್ಷ ಆಚೀಚೆ ಆದರೆ ಬಂಪರ್, ಡ್ಯಾಶ್‌ಬೋರ್ಡ್, ಗ್ರಿಲ್ ಎಲ್ಲ ಬದಲಾಗಿಬಿಡುತ್ತದೆ.

ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂನಲ್ಲಿ ಕಾರ್ಖಾನೆಯ ದಾಖಲೆಗಳಿವೆ. ಶುಲ್ಕ ಕಟ್ಟಿದರೆ ಅದನ್ನು ನೋಡಿ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತಾರೆ. ಕಾರು ತಯಾರಾದ ದಿನ, ಮೂಲ ಬಣ್ಣ, ಒಳಗಿನ ಹೊದಿಕೆ, ಎಂಜಿನ್ ನಂಬರ್, ಯಾವ ದೇಶಕ್ಕೆ ಹೋಯಿತು, ಕಾರ್ಖಾನೆಯಲ್ಲೇ ಏನೇನು ಹಾಕಿದ್ದರು, ಎಲ್ಲ ಅದರಲ್ಲಿ ಸಿಗುತ್ತದೆ. ಈ ಸರ್ಟಿಫಿಕೇಟ್ ಬರುವ ತನಕ ಪೇಂಟ್‌ಗೆ ಒಂದು ರೂಪಾಯಿ ಖರ್ಚು ಮಾಡಬೇಡಿ. ಇವತ್ತು ಕೆಂಪಾಗಿರುವ ಕಾರು ಹುಟ್ಟಿದಾಗ ತಿಳಿಹಳದಿ ಆಗಿದ್ದಿರಬಹುದು.

ರಫ್ತಿನ ರೂಪ ಅಂದರೆ ಯಾವ ವರ್ಷದ್ದು?

1962ರಿಂದ 1967ರ ತನಕ ಇಂಗ್ಲೆಂಡಿನ ಕಾರಿಗೂ ಅಮೆರಿಕದ ಕಾರಿಗೂ ದೊಡ್ಡ ವ್ಯತ್ಯಾಸ ಇರಲಿಲ್ಲ. ಅಮೆರಿಕದ್ದಕ್ಕೆ ಸ್ಟೇರಿಂಗ್ ಎಡಗಡೆ, ದೀಪಗಳು ಬೇರೆ, ಹಿಂದಿನ ಇಂಡಿಕೇಟರ್ ಗಾಜು ಕೂಡ ಕೆಂಪು. ಅದೇ 1798 ಸಿಸಿ ಎಂಜಿನ್, ಪೆಟ್ರೋಲು-ಗಾಳಿ ಬೆರೆಸುವ ಅದೇ ಜೋಡಿ ಎಸ್‌ಯು ಕಂಪನಿಯ ಕಾರ್ಬುರೇಟರ್, ಅದೇ ತಗಡಿನ ಡ್ಯಾಶ್‌ಬೋರ್ಡ್. ನಿಮ್ಮದು ಈ ಕಾಲದ ಕಾರಾದರೆ ಜಾಸ್ತಿ ಯೋಚಿಸುವಂಥದ್ದೇನಿಲ್ಲ. ಮೂಲ ರೂಪಕ್ಕೇ ತನ್ನಿ. ಬೆಲೆಯೂ ಅದಕ್ಕೇ, ಅಂದವೂ ಅದರಲ್ಲೇ.

1968ರ ಜನವರಿಯಿಂದ ಅಮೆರಿಕದಲ್ಲಿ ವಾಹನ ಸುರಕ್ಷತೆಯ ಹೊಸ ಕಾನೂನು ಜಾರಿಗೆ ಬಂತು. ಕಥೆ ನಿಜವಾಗಿ ಶುರುವಾಗುವುದು ಅಲ್ಲಿಂದ. ಅಮೆರಿಕಕ್ಕೆ ಹೋಗುವ ಎಂಜಿಬಿಗೆ ದಪ್ಪ ಫೋಮಿನ ಡ್ಯಾಶ್‌ಬೋರ್ಡ್ ಬಂತು. ಅಭಿಮಾನಿಗಳು ಅದಕ್ಕೆ 'ಆ್ಯಬಿಂಗ್ಡನ್ ದಿಂಬು' ಅಂತ ಹೆಸರಿಟ್ಟರು. ಅದರಲ್ಲಿ ಗ್ಲೋವ್ ಬಾಕ್ಸ್ ಇರಲಿಲ್ಲ. ಗುದ್ದಿದರೆ ಕುಸಿಯುವ ಸ್ಟೇರಿಂಗ್ ಕಾಲಮ್, ಎರಡು ಸರ್ಕ್ಯೂಟಿನ ಬ್ರೇಕ್, ಹೊಗೆ ಕಡಿಮೆ ಮಾಡುವ ಏರ್ ಪಂಪ್ ಬಂದವು. 1969ರ ಮಾಡೆಲ್‌ನಲ್ಲಿ ಮುಂದಿನ ಗಾಜಿಗೆ ಮೂರು ವೈಪರ್. ಗಾಜಿನ ಇಷ್ಟು ಭಾಗ ಒರೆಸಲೇಬೇಕು ಅಂತ ಕಾನೂನು ಹೇಳಿತ್ತು. ಅಗಲ ಜಾಸ್ತಿ, ಎತ್ತರ ಕಡಿಮೆ ಇರುವ ಎಂಜಿಬಿ ಗಾಜಿಗೆ ಎರಡು ವೈಪರ್ ಸಾಲಲಿಲ್ಲ. ಆ ಮೂರು ಪುಟ್ಟ ವೈಪರ್‌ಗಳು ಒಟ್ಟಿಗೆ ಓಡುವುದನ್ನು ನೋಡಿದವರು ಅವನ್ನು ಕೀಳುವ ಯೋಚನೆ ಮಾಡಲಾರರು ಅಂತ ನನ್ನ ನಂಬಿಕೆ.

1970ರ ಮಾಡೆಲ್ ಬಗ್ಗೆ ಎಚ್ಚರ ಇರಲಿ. ಆ ಒಂದು ವರ್ಷ ಮಾತ್ರ ಅಮೆರಿಕದ ಕಾರಿಗೆ ಹಿಂದಿನ ಬಂಪರ್ ಎರಡು ತುಂಡಾಗಿ, ನಡುವೆ ನಂಬರ್ ಪ್ಲೇಟ್ ಕೂತಿತ್ತು. ಆ ಅರ್ಧ ಬಂಪರ್‌ಗಳು ಕಳೆದುಹೋಗಿದ್ದರೆ ಹುಡುಕಾಟ ದೊಡ್ಡದು. ಕಾರು ಕೊಳ್ಳುವಾಗಲೇ ಇವೆಯಾ ಅಂತ ನೋಡಿಕೊಳ್ಳಿ. ಗ್ರಿಲ್ ಕೂಡ ಆ ವರ್ಷ ಬದಲಾಗಿ ಒಳಕ್ಕೆ ಸರಿದು ಕಪ್ಪಾಯಿತು. 1973ರಲ್ಲಿ ಮತ್ತೆ ಬೇರೆ ಆಯಿತು.

1974ರ ಮಾಡೆಲ್‌ಗೆ ಕ್ರೋಮ್ ಬಂಪರ್ ಮೇಲೆ ದೊಡ್ಡ ಕಪ್ಪು ರಬ್ಬರಿನ ಗುಬ್ಬುಗಳು ಬಂದವು. ಅದೇ ವರ್ಷದ ಸೆಪ್ಟೆಂಬರ್ ಹೊತ್ತಿಗೆ ಕ್ರೋಮ್ ಬಂಪರೇ ಹೋಗಿ, ಪೂರ್ತಿ ಕಪ್ಪು ರಬ್ಬರ್ ಬಂಪರ್ ಬಂತು. ಬಂಪರ್ ಎತ್ತರದ ನಿಯಮಕ್ಕಾಗಿ ಕಾರನ್ನೂ ಸುಮಾರು ಒಂದೂವರೆ ಇಂಚು ಎತ್ತಿದರು. ತಿರುವಿನಲ್ಲಿ ಕಾರು ವಾಲತೊಡಗಿತು. ಕಂಪನಿ 1977ರ ಮಾಡೆಲ್‌ಗೆ ಆ್ಯಂಟಿ-ರೋಲ್ ಬಾರ್‌ಗಳನ್ನು ಹಾಕಿ ಅದನ್ನು ಸರಿಪಡಿಸಿತು. 1975ರ ಮಾಡೆಲ್‌ನಿಂದ ಅಮೆರಿಕದ ಕಾರಿಗೆ ಜೋಡಿ ಎಸ್‌ಯು ಹೋಗಿ ಒಂದೇ ಝೆನಿತ್-ಸ್ಟ್ರಾಂಬರ್ಗ್ ಕಾರ್ಬುರೇಟರ್ ಬಂತು. ಮೊದಮೊದಲು ಸುಮಾರು 95 ಅಶ್ವಶಕ್ತಿ ಕೊಡುತ್ತಿದ್ದ ಕಾರು ಈಗ 62.5ಕ್ಕೆ ಇಳಿಯಿತು. ಇಂಗ್ಲೆಂಡಿನವರು ಮಾತ್ರ ಕೊನೆಯ ತನಕ ಜೋಡಿ ಕಾರ್ಬುರೇಟರಿನಲ್ಲೇ ಓಡಿಸಿದರು.

ಏರ್ ಪಂಪ್ ಇಡಬೇಕಾ, ಕೀಳಬೇಕಾ?

ರಫ್ತಿನ ರೂಪ ಮತ್ತು ಇಂಗ್ಲೆಂಡಿನ ರೂಪದ ನಡುವೆ ನಿಜವಾದ ಜಗಳ ಇರುವುದು ಇಲ್ಲಿ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬೆಲ್ಟಿನಿಂದ ತಿರುಗುವ ಒಂದು ಪಂಪು ಗಾಳಿಯನ್ನು ಸಿಲಿಂಡರ್ ಹೆಡ್‌ನ ಎಕ್ಸಾಸ್ಟ್ ಬಾಯಿಗಳಿಗೆ ತಳ್ಳುತ್ತದೆ. ಸರಿಯಾಗಿ ಸುಡದೆ ಹೊರಬಂದ ಪೆಟ್ರೋಲು ಆ ಗಾಳಿಯಿಂದ ಅಲ್ಲೇ ಸುಡುತ್ತದೆ. ಇದರ ಜೊತೆಗೆ ಗಲ್ಪ್ ವಾಲ್ವ್ ಅಂತ ಒಂದಿದೆ. ಆಕ್ಸಿಲರೇಟರ್ ಬಿಟ್ಟ ಕ್ಷಣ ಇಂಜಿನ್‌ಗೆ ಪೆಟ್ರೋಲು ಜಾಸ್ತಿ, ಗಾಳಿ ಕಡಿಮೆ ಆಗುತ್ತದೆ. ಆಗ ಈ ವಾಲ್ವ್ ತೆರೆದು ಒಂದು ಗುಟುಕು ಗಾಳಿಯನ್ನು ಒಳಗೆ ಬಿಡುತ್ತದೆ. ಇಲ್ಲದಿದ್ದರೆ ಸೈಲೆನ್ಸರ್‌ನಲ್ಲಿ ಢಂ ಅಂತ ಸಿಡಿಯುತ್ತದೆ.

ಏರ್ ಪಂಪು ಎಂಜಿನ್ ಶಕ್ತಿಯನ್ನೆಲ್ಲ ತಿಂದುಹಾಕುತ್ತದೆ ಅನ್ನುವ ಮಾತು ತುಂಬಾ ಜನಪ್ರಿಯ. ಅದು ಉತ್ಪ್ರೇಕ್ಷೆ. ಬೆಲ್ಟ್ ಎಳೆಯಲು ಬೇಕಾದ ಶಕ್ತಿ ಅಲ್ಪ. 70ರ ದಶಕದಲ್ಲಿ ಅಮೆರಿಕದ ಎಂಜಿಬಿ ಸೋತದ್ದು ಬೇರೆ ಕಾರಣಗಳಿಗೆ. ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಗಾಳಿ-ಪೆಟ್ರೋಲನ್ನು ಒತ್ತುವ ಪ್ರಮಾಣ, 8.8ರಿಂದ 8.0ಕ್ಕೆ ಇಳಿಯಿತು. ಕೊನೆಗೆ ಒಂದೇ ಕಾರ್ಬುರೇಟರ್ ಆಯಿತು. ಪಂಪನ್ನು ಕಿತ್ತರೆ ಬಾನೆಟ್ ಕೆಳಗೆ ಜಾಗ ಸಿಗುತ್ತದೆ, ಪ್ಲಗ್ ಬದಲಿಸುವುದು ಸುಲಭವಾಗುತ್ತದೆ. ಅಷ್ಟೇ ಲಾಭ. ಕೀಳುವವರು ಹೆಡ್‌ನ ತೂತುಗಳನ್ನು ಸರಿಯಾಗಿ ಮುಚ್ಚದಿದ್ದರೆ ಎಕ್ಸಾಸ್ಟ್ ಸೋರಿಕೆ ಶುರುವಾಗುತ್ತದೆ.

ಹಾಗಾಗಿ 1968–74ರ ಕಾರಿನಲ್ಲಿ ಪಂಪು, ಗಲ್ಪ್ ವಾಲ್ವ್, ಪೈಪುಗಳು ಇನ್ನೂ ಇದ್ದರೆ ಉಳಿಸಿಕೊಳ್ಳಿ. ಪಂಪಿನ ಬೇರಿಂಗ್ ಬದಲಿಸಿ, ಒಡೆದ ರಬ್ಬರ್ ಪೈಪು ಹೊಸದು ಹಾಕಿದರೆ ಮತ್ತೆ ಕೆಲಸ ಮಾಡುತ್ತದೆ. ಒಂದೂ ಇಲ್ಲದ ಕಾರಿಗೆ ಇವನ್ನೆಲ್ಲ ಹುಡುಕಿ ತರುವುದು ಮಾತ್ರ ತಾಳ್ಮೆ ಬೇಡುವ ಕೆಲಸ. ಸಣ್ಣ ಬ್ರಾಕೆಟ್‌ಗೂ ಅಲೆಯಬೇಕಾಗುತ್ತದೆ.

1976ರ ಮಾಡೆಲ್ ಮತ್ತು ಅದರ ನಂತರದ ಕಾರು, ನೀವಿರುವುದು ಕ್ಯಾಲಿಫೋರ್ನಿಯಾದಲ್ಲಿ ಅಂದರೆ ಆಯ್ಕೆ ನಿಮ್ಮ ಕೈಯಲ್ಲಿಲ್ಲ. ಅಲ್ಲಿ 1975 ಮತ್ತು ಅದಕ್ಕಿಂತ ಹಿಂದಿನ ಮಾಡೆಲ್‌ಗಳಿಗೆ ಮಾತ್ರ ಹೊಗೆ ಪರೀಕ್ಷೆಯಿಂದ ವಿನಾಯಿತಿ ಇದೆ. 1976ರದ್ದಾದರೆ ಹೊಗೆ ಎಷ್ಟು ಅಂತ ಅಳೆಯುವುದರ ಜೊತೆಗೆ ಮೂಲ ಸಾಮಾನು ಇದೆಯಾ ಅಂತಲೂ ನೋಡುತ್ತಾರೆ. ಬೇ ಏರಿಯಾದಲ್ಲಿ ಕಡಿಮೆ ಬೆಲೆಗೆ 1977ರ ಎಂಜಿಬಿ ಸಿಕ್ಕಿತು, ಯಾರೋ ಅದಕ್ಕೆ ಬೇರೆ ಕಂಪನಿಯ ವೆಬರ್ ಕಾರ್ಬುರೇಟರ್ ಹಾಕಿದ್ದಾರೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತಿದ್ದಾರೆ ಅಂದುಕೊಳ್ಳಿ. ಅದನ್ನು ರಸ್ತೆಗೆ ತರುವ ಖರ್ಚು ಕಾರಿನ ಬೆಲೆಯನ್ನೇ ದಾಟಬಹುದು. ಆ ವರ್ಷಗಳ ಕಾರಿನಲ್ಲಿ ಗಾಳಿ-ಪೆಟ್ರೋಲು ಒಳತರುವ ಇನ್‌ಟೇಕ್, ಹೊಗೆ ಹೊರಬಿಡುವ ಎಕ್ಸಾಸ್ಟ್ ಎರಡೂ ಒಂದೇ ಎರಕದ ಕೊಳವೆಗುಚ್ಛ, ಅಂದರೆ ಮ್ಯಾನಿಫೋಲ್ಡ್. ಅದು ಬಿರುಕು ಬಿಡುವುದಕ್ಕೆ ಹೆಸರುವಾಸಿ. ಕೊಳ್ಳುವ ಮೊದಲು ಟಾರ್ಚ್ ಹಿಡಿದು ನೋಡಿ.

ಇಂಗ್ಲೆಂಡಿನ ರೂಪಕ್ಕೆ ತಿರುಗಿಸುವ ಆಸೆ

ಈ ಆಸೆ ನನಗೆ ಅರ್ಥವಾಗುತ್ತದೆ. ಕ್ರೋಮ್ ಬಂಪರ್, ತಗ್ಗಿದ ನಿಲುವು, ಜೋಡಿ ಎಸ್‌ಯು. ಕಣ್ಣಿಗೂ ಹಿತ, ಓಟಕ್ಕೂ ಹಿತ. ಎಲ್ಲ ವರ್ಷದ ಕಾರಿಗೂ ಇದು ಒಂದೇ ಥರ ಒಗ್ಗುವುದಿಲ್ಲ ಅಷ್ಟೇ.

ರಬ್ಬರ್ ಬಂಪರ್ ಕಾರಿಗೆ ಕ್ರೋಮ್ ಹಾಕುವುದು ಬೋಲ್ಟ್ ಬಿಚ್ಚಿ ಬಿಗಿಯುವ ಕೆಲಸ ಅಲ್ಲ. ಮುಂದಿನ ಮಡ್‌ಗಾರ್ಡ್, ಬಂಪರ್ ಕೆಳಗಿನ ತಗಡು, ದೀಪದ ಜಾಗ, ಹಿಂದಿನ ಮೂಲೆಗಳು ಎಲ್ಲ ಬೇರೆ. ಕತ್ತರಿಸಿ ವೆಲ್ಡ್ ಮಾಡಬೇಕು. ಎತ್ತರ ಇಳಿಸಲು ಮುಂದಿನ ಚಕ್ರಗಳ ನಡುವಿನ ಅಡ್ಡತೊಲೆ (ಕ್ರಾಸ್‌ಮೆಂಬರ್) ಮತ್ತು ಸ್ಪ್ರಿಂಗ್ ಕೂಡ ಬದಲಿಸಬೇಕು. ಇಷ್ಟೆಲ್ಲ ಮಾಡಿದ ಮೇಲೂ ನಂಬರ್ ನೋಡಿದವರಿಗೆ ಅದು ರಬ್ಬರ್ ಬಂಪರ್ ಕಾರೇ. ಕ್ರೋಮ್ ಬೇಕೇ ಬೇಕು ಅಂದರೆ ಮೊದಲೇ ಕ್ರೋಮ್ ಬಂಪರ್ ಕಾರು ಕೊಳ್ಳುವುದು ಅಗ್ಗ.

ದಿಂಬಿನ ಡ್ಯಾಶ್‌ಬೋರ್ಡ್ ತೆಗೆದು ತಗಡಿನದು ಹಾಕುವುದೂ ಅಂದುಕೊಂಡಷ್ಟು ಸುಲಭ ಅಲ್ಲ. ಅದು ಕೂರುವ ಜಾಗವೇ ಬೇರೆ ರೀತಿಯದು. ಸ್ಟೇರಿಂಗ್ ಬಲಕ್ಕೆ ತರುವುದು ಇನ್ನೂ ದೊಡ್ಡ ಕೆಲಸ. ಅಮೆರಿಕದಲ್ಲೇ ಓಡಿಸುವ ಕಾರಿಗೆ ಅದರ ಅಗತ್ಯವಂತೂ ಇಲ್ಲ.

ಇಂಗ್ಲೆಂಡಿನ ರೂಪಕ್ಕೆ ಹೋಗುವುದು ಸರಿ ಅನ್ನಿಸುವ ಸಂದರ್ಭವೂ ಇದೆ. ವಿನಾಯಿತಿ ಇರುವ 1975ರ ಕಾರು, ಮ್ಯಾನಿಫೋಲ್ಡ್ ಒಡೆದಿದೆ, ಸ್ಟ್ರಾಂಬರ್ಗ್ ಹಾಳಾಗಿದೆ, ಏರ್ ಪಂಪು ಇಲ್ಲವೇ ಇಲ್ಲ ಅಂದುಕೊಳ್ಳಿ. ಅದಕ್ಕೆ ಜೋಡಿ ಎಸ್‌ಯು ಮತ್ತು ಹಳೆ ಮಾದರಿಯ ಮ್ಯಾನಿಫೋಲ್ಡ್ ಹಾಕಿದರೆ ಅದೇ ಕಾಲದ ಇಂಗ್ಲೆಂಡಿನ ಕಾರಿಗೆ ಹತ್ತಿರ ಬರುತ್ತದೆ. ಮೈ ಮುಟ್ಟುವುದು ಬೇಡ. ಬಂಪರ್ ಇದ್ದಂತೆ ಇರಲಿ. ಆ ಕಪ್ಪು ಬಂಪರ್ ಕಂಡರೆ ಮೂಗು ಮುರಿಯುವವರು ತುಂಬಾ ಜನ. ನನಗೆ ಮಾತ್ರ ಅದು ತನ್ನ ಕಾಲವನ್ನು ನಿಜವಾಗಿ ತೋರಿಸುವ ಭಾಗ.

ತುಕ್ಕು ಹೇಳುವ ತೀರ್ಪು

ಯಾವ ದಾರಿ ಹಿಡಿದರೂ ಖರ್ಚಿನ ದೊಡ್ಡ ಭಾಗ ತಗಡಿನ ಕೆಲಸಕ್ಕೇ ಹೋಗುತ್ತದೆ. ಎಂಜಿಬಿಗೆ ಬೇರೆ ಚಾಸಿ ಇಲ್ಲ. ಮೈಯೇ ಚಾಸಿ. ಅದರಲ್ಲೂ ಛಾವಣಿ ಇಲ್ಲದ ರೋಡ್‌ಸ್ಟರ್‌ನಲ್ಲಿ ಬಾಗಿಲ ಕೆಳಗಿನ ಸಿಲ್‌ಗಳೇ ಕಾರನ್ನು ಹಿಡಿದು ನಿಲ್ಲಿಸುವುದು. ಸಿಲ್ ಅಂದರೆ ಹೊರಗೆ ಕಾಣುವ ಒಂದು ತಗಡಲ್ಲ. ಒಳಗೆ ನಿಂತ ತಗಡು, ಕೆಳಗೆ ಒಂದು ಉದ್ದ ಕೊಳವೆಯಂಥ ಭಾಗ, ಹೊರಗಿನ ಹೊದಿಕೆ, ಎಲ್ಲ ಸೇರಿ ಪೆಟ್ಟಿಗೆ ಆಗಿದೆ. ಹಳೆ ತುಕ್ಕಿನ ಮೇಲೇ ಹೊಸ ತಗಡು ಹೊಚ್ಚಿ ವೆಲ್ಡ್ ಮಾಡಿದ ಕಾರುಗಳು ಬೇಕಾದಷ್ಟು ಇವೆ. ಮೇಲೆ ಪುಟ್ಟಿ ಬಳಿದು ಪೇಂಟ್ ಹೊಡೆದಿರುತ್ತಾರೆ. ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುತ್ತದೆ. ಬಾಗಿಲ ಹಿಂದಿನ ಸಂದು ಮೇಲ್ಗಡೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರು ನಡುವಿನಲ್ಲಿ ಕುಸಿದಿದೆ ಅಂತ ಅರ್ಥ.

ಹಿಂದಿನ ಮಡ್‌ಗಾರ್ಡಿನ ಕೆಳಮೂಲೆ, ನೆಲದ ತಗಡು, ಸೀಟಿನ ಹಿಂದಿನ ಬ್ಯಾಟರಿ ಗೂಡುಗಳನ್ನೂ ನೋಡಿ. 1974ರ ತನಕ ಅಲ್ಲಿ ಎರಡು 6 ವೋಲ್ಟ್ ಬ್ಯಾಟರಿಗಳಿದ್ದವು. ಆ್ಯಸಿಡ್ ಚೆಲ್ಲಿ ಆ ಜಾಗ ಬೇಗ ಕರಗುತ್ತದೆ.

ಸಿಲ್ ಕತ್ತರಿಸುವ ಮೊದಲು ಬಾಗಿಲ ಜಾಗಕ್ಕೆ ಅಡ್ಡಲಾಗಿ ಉಕ್ಕಿನ ಕಂಬಿ ಹಾಕಿ ಬಿಗಿಯಲೇಬೇಕು. ಇಲ್ಲದಿದ್ದರೆ ಮೈ ಬಾಗಿದಂತೆಯೇ ವೆಲ್ಡ್ ಆಗಿ, ಬಾಗಿಲು ಮತ್ತೆ ಯಾವತ್ತೂ ಸರಿಯಾಗಿ ಮುಚ್ಚುವುದಿಲ್ಲ. ಟಿಂಕರಿಂಗ್ ಮಾಡುವವರನ್ನು ಆರಿಸುವಾಗ ನಾನು ಮೊದಲು ಕೇಳುವ ಪ್ರಶ್ನೆ ಇದೇ: ಕಂಬಿ ಹೇಗೆ ಹಾಕ್ತೀರಿ?

ಮೈ ಪೂರ್ತಿ ಹೋಗಿದ್ದರೆ ಹೊಸ ಮೈಯೇ ಸಿಗುತ್ತದೆ. ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ 1988ರಿಂದ ಮೂಲ ಅಚ್ಚುಗಳನ್ನೇ ಬಳಸಿ ಎಂಜಿಬಿಯ ಬರಿ ಮೈ, ಅಂದರೆ ಶೆಲ್, ಮಾಡುತ್ತಿದೆ. ಇದು ಈ ಕಾರಿನ ದೊಡ್ಡ ಅದೃಷ್ಟ. ಆರ್ಡರ್ ಕೊಡುವ ಮೊದಲು ನಿಮ್ಮ ವರ್ಷದ ಅಮೆರಿಕದ ಕಾರಿಗೆ ಬೇಕಾದ ಮೂರನೇ ವೈಪರಿನ ತೂತು, ಬದಿ ದೀಪದ ಜಾಗ, ಡ್ಯಾಶ್‌ಬೋರ್ಡ್ ಕೂರುವ ರೀತಿ ಎಲ್ಲ ಕೇಳಿ ತಿಳಿದುಕೊಳ್ಳಿ. ನನ್ನ ಅಭಿಪ್ರಾಯದಲ್ಲಿ ಹಳೆ ಮೈಯ ಅರ್ಧದಷ್ಟಾದರೂ ಗಟ್ಟಿ ಇದ್ದರೆ ಅದನ್ನೇ ರಿಪೇರಿ ಮಾಡುವುದು ಮೇಲು. ಮೂಲ ರೂಪ ಬೇಕು ಅಂತ ಹೊರಟು ಮೂಲ ಮೈಯನ್ನೇ ಬಿಟ್ಟರೆ ಉಳಿಯುವುದು ಏನು?

ಸುಮ್ನೆ ಓಡಿಸುವ ಕಾರು

ಮೂರನೇ ದಾರಿಯನ್ನು ಕೀಳಾಗಿ ನೋಡಬೇಡಿ. ಸಿಲ್ ಗಟ್ಟಿ ಇದೆ, ಪೇಂಟ್ ಮಾಸಿದೆ, ಕೆಲವು ಭಾಗ ಇಲ್ಲ. ಅಂಥ ಕಾರಿಗೆ ಇದೇ ಸರಿ. ಬ್ರೇಕಿನ ಪೈಪು, ಸಿಲಿಂಡರ್, ಟೈರು, ಪೆಟ್ರೋಲ್ ಟ್ಯಾಂಕು, ರಬ್ಬರ್ ಎಲ್ಲ ಹೊಸದಾಗಲಿ. ಮಾಮೂಲಿ ಬಿಡಿಭಾಗಗಳಿಗೆ ಕೊರತೆ ಇಲ್ಲ. ಕ್ಯಾಲಿಫೋರ್ನಿಯಾದ ಮಾಸ್ ಮೋಟಾರ್ಸ್‌ನಂಥ ಅಂಗಡಿ 1948ರಿಂದ ಬ್ರಿಟಿಷ್ ಕಾರುಗಳನ್ನೇ ನಂಬಿಕೊಂಡಿದೆ.

ಹೆಡ್ ಬಿಚ್ಚಿದಾಗ ಸೀಸವಿಲ್ಲದ ಪೆಟ್ರೋಲಿಗೆ ತಡೆಯುವ ಗಟ್ಟಿ ವಾಲ್ವ್ ಸೀಟ್ ಹಾಕಿಸಿ. ಎಂಜಿನ್ ಆಯಿಲ್‌ನಲ್ಲಿ ಸತುವಿನ ಅಂಶ ಇರುವಂಥದ್ದನ್ನು ಆರಿಸಿ. ವಾಲ್ವ್ ತೆರೆಯುವ ಹಳೆ ಕ್ಯಾಮ್‌ಗೆ ಅದು ಬೇಕು. ಡಿಸ್ಟ್ರಿಬ್ಯೂಟರ್ ಒಳಗೆ ಎಲೆಕ್ಟ್ರಾನಿಕ್ ಇಗ್ನಿಷನ್, ಎರಡು 6 ವೋಲ್ಟಿನ ಬದಲು ಒಂದು 12 ವೋಲ್ಟ್ ಬ್ಯಾಟರಿ, ಇವೆಲ್ಲ ನಾನು ಒಪ್ಪುವ ಬದಲಾವಣೆಗಳು. ಯಾವಾಗ ಬೇಕಾದರೂ ಹಿಂದಕ್ಕೆ ಹೋಗಬಹುದು. ತೂತು ಕೊರೆಯಬೇಕಾದ, ತಗಡು ಕತ್ತರಿಸಬೇಕಾದ ಬದಲಾವಣೆ ಮಾತ್ರ ಬೇಡ. ಕಿತ್ತ ಭಾಗಕ್ಕೆ ಚೀಟಿ ಅಂಟಿಸಿ ಎತ್ತಿಡಿ. ಮುಂದೆ ಯಾರಾದರೂ ಮೂಲ ರೂಪಕ್ಕೆ ತರಲು ಹೊರಟರೆ ಆ ಪೆಟ್ಟಿಗೆಗೆ ಕಾರಿನಷ್ಟೇ ಬೆಲೆ.

ದುಡ್ಡಿನ ದೃಷ್ಟಿಯಿಂದ ಹೇಳುವುದಾದರೆ, ರಬ್ಬರ್ ಬಂಪರ್ ಕಾರನ್ನು ಪೂರ್ತಿ ಹೊಸದಾಗಿಸಿ ಮಾರಿದರೆ ಹಾಕಿದ ಹಣ ವಾಪಸ್ ಬರುವುದು ಕಷ್ಟ. ಅದನ್ನು ಇಷ್ಟಪಟ್ಟು ಓಡಿಸುವವರು ಮಾಡಬೇಕು, ಲಾಭಕ್ಕಲ್ಲ. 1967ರ ತನಕದ ಕಾರಿಗೆ ಮಾತ್ರ ಖರ್ಚು ಸ್ವಲ್ಪ ಧೈರ್ಯವಾಗಿ ಮಾಡಬಹುದು.

ಬಣ್ಣಕ್ಕೆ ಬಂದರೆ ಸರ್ಟಿಫಿಕೇಟ್ ಏನು ಹೇಳುತ್ತದೋ ಅದು. ಟಾರ್ಟನ್ ರೆಡ್, ಓಲ್ಡ್ ಇಂಗ್ಲಿಷ್ ವೈಟ್, ಐರಿಸ್ ಬ್ಲೂ ಎಲ್ಲರಿಗೂ ಇಷ್ಟ. ಆದರೆ ನಿಮ್ಮ ಕಾರು 70ರ ದಶಕದ ಹಾರ್ವೆಸ್ಟ್ ಗೋಲ್ಡ್ ಆಗಿದ್ದರೆ ಅದನ್ನೇ ಹೊಡೆಸಿ. ಆ ಬಣ್ಣದ ಕಾರುಗಳನ್ನು ಜನ ಕೆಂಪು ಮಾಡಿ ಮಾಡಿ ಮುಗಿಸುತ್ತಿದ್ದಾರೆ.

ಊರಿಗೆ ತರುವ ಯೋಚನೆ ಇದ್ದರೆ

ಮುಂದೊಂದು ದಿನ ಬೆಂಗಳೂರಿಗೋ ಮೈಸೂರಿಗೋ ಕಾರು ತರುವ ಕನಸಿದ್ದರೆ ಈಗಲೇ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಆಮದಿಗೆ ಅನುಮತಿ, ಕಸ್ಟಮ್ಸ್ ಸುಂಕ ಇದೆಲ್ಲ ಪೇಂಟ್ ಆದ ಮೇಲೆ ವಿಚಾರಿಸುವ ವಿಷಯ ಅಲ್ಲ. ಭಾರತದಲ್ಲಿ 2021ರಲ್ಲಿ ಬಂದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರು ವಿಂಟೇಜ್ ವರ್ಗಕ್ಕೆ ಸೇರುತ್ತದೆ. ಹೊರದೇಶದಿಂದ ತಂದದ್ದಕ್ಕೂ ಅದೇ ನಿಯಮ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ನಂಬರಿನಲ್ಲಿ 'ವಿಎ' ಅಕ್ಷರಗಳು. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವಂಥ ಕೆಲಸಕ್ಕೆ ರಸ್ತೆಗೆ ತರಬಹುದು. ದಿನಾ ಆಫೀಸಿಗೆ ಓಡಿಸುವುದಕ್ಕಲ್ಲ.

ಕಾರು ಮೂಲ ರೂಪದಲ್ಲೇ ಇರಬೇಕು, ಚಾಸಿ, ಮೈ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಅಂತ ಅದೇ ನಿಯಮ ಹೇಳುತ್ತದೆ. ಕತ್ತರಿಸಿ ಕ್ರೋಮ್ ಬಂಪರ್ ಹಾಕಿದ ಕಾರು, ಬೇರೆ ಎಂಜಿನ್ ಕೂರಿಸಿದ ಕಾರು ಇಲ್ಲಿ ಪ್ರಶ್ನೆಗೆ ಸಿಕ್ಕಿಕೊಳ್ಳಬಹುದು. ಸ್ಟೇರಿಂಗ್ ಎಡಗಡೆ ಇದ್ದರೂ ದಾರಿ ಇದೆ. ಮೋಟಾರು ವಾಹನ ಕಾಯ್ದೆಯ 120ನೇ ಸೆಕ್ಷನ್ ಪ್ರಕಾರ ನಿಗದಿತ ಮಾದರಿಯ ಯಾಂತ್ರಿಕ ಅಥವಾ ವಿದ್ಯುತ್ ಸಿಗ್ನಲ್ ಸಾಧನ ಇದ್ದು, ಅದು ಕೆಲಸ ಮಾಡುತ್ತಿದ್ದರೆ ಎಡಗಡೆ ಸ್ಟೇರಿಂಗ್ ಗಾಡಿಯನ್ನು ಓಡಿಸಬಹುದು. ಹಾಗಾಗಿ ಊರಿಗೆ ತರುವುದಕ್ಕೆ ಅಂತಲೇ ಸ್ಟೇರಿಂಗ್ ಬಲಕ್ಕೆ ಮಾಡಿಸುವ ಮೊದಲು ಆರ್‌ಟಿಓ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಹೆರಿಟೇಜ್ ಸರ್ಟಿಫಿಕೇಟಿನ ಪ್ರತಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ.